ಘಟ್ಟಕ್ಕೂ ಕಡಲಿಗೂ ನಡುವೆ ಒಂಬೈನೂರು ವರ್ಷ

ಮಳೆ ಕೊಂಚ ಹೊಳವಾದ ಭಾದ್ರಪದದ ಬೆಳಗು. ತೆಕ್ಕಟ್ಟೆಯಲ್ಲಿ ಹೆದ್ದಾರಿಗೆ ಬೆನ್ನು ಹಾಕಿ ಮೂಡು ದಿಕ್ಕಿಗೆ ಮುಖ ಮಾಡಿ ನಿಂತರೆ ಎದುರಿಗೆ ಬೈಲಿನುದ್ದಕ್ಕೂ ಭತ್ತದ ಹಸಿರು. ಮಲ್ಯಾಡಿಯ ಕಡೆ ನೀರು ನಿಂತ ತಗ್ಗುಗಳಲ್ಲಿ ಬೆಳ್ಳಕ್ಕಿ. ಅದರಾಚೆ ತೆಂಗು, ಅದರಾಚೆ ಹಾಡಿ, ಎಲ್ಲಕ್ಕೂ ಆಚೆ ಮೋಡ ಹೊದ್ದ ಘಟ್ಟದ ನೀಲಿ ಗೆರೆ. ಬೆನ್ನ ಹಿಂದೆ ಬಸ್ಸು ಲಾರಿಗಳ ಸದ್ದು ಒಂದು ಗಳಿಗೆ ನಿಂತಾಗ ಕಡಲಿನ ಮೊರೆತ. ಕುಂದಾಪುರದಿಂದ ಉಡುಪಿಗೆ ದಿನಾ ಹೋಗಿ ಬರುವವರಿಗೆ ಇದು ನೋಡಿ ನೋಡಿ ಕಣ್ಣಿಗೆ ಬೀಳದೆ ಹೋದ ನೋಟ.

ಒಂದು ಬದಿಗೆ ಕಲ್ಲಿನ ಗೋಡೆ, ಇನ್ನೊಂದು ಬದಿಗೆ ನೀರು. ನಡುವಿನ ಈ ಉದ್ದನೆಯ ಪಟ್ಟಿಯನ್ನು ಒಂದೇ ಮನೆತನ ಹತ್ತಿರ ಹತ್ತಿರ ಒಂಬೈನೂರು ವರ್ಷ ಆಳಿತು. ಅವರು ಆಳುಪರು. ಶಾಸನಗಳಲ್ಲಿ ಆಳುವ, ಆಳ್ವ, ಆಳುಕ ಎಂದೂ ಬರುತ್ತದೆ. ಅವರ ನಾಡು ಆಳ್ವಖೇಡ.

ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿದ ಸಾಲಿನಲ್ಲಿ ಆಳುಪರಿಗೆ ಜಾಗ ಇರಲಿಲ್ಲ. ಇದ್ದರೂ 'ಕರಾವಳಿಯ ಸಾಮಂತರು' ಎಂಬ ಒಂದು ಮಾತಿಗೆ ಮುಗಿಯಿತು. ಆದರೆ ಆ ಐದೂ ಮನೆತನಗಳ ಕಾಲದಲ್ಲಿ ಇಲ್ಲಿ ಇದ್ದವರು ಇವರೇ. ಘಟ್ಟದ ಮೇಲೆ ಸಾಮ್ರಾಜ್ಯಗಳು ಏಳುತ್ತ ಬೀಳುತ್ತ ಇದ್ದಾಗ ಕೆಳಗೆ ಪಟ್ಟ ಒಂದೇ ಮನೆಯಲ್ಲಿ ಉಳಿಯಿತು. ಅಷ್ಟು ಚಿಕ್ಕ ರಾಜ್ಯ ಅಷ್ಟು ಕಾಲ ಬಾಳಿದ್ದು ಹೇಗೆ ಎಂಬುದು ನಮ್ಮ ಊರಿನ ಇತಿಹಾಸದ ದೊಡ್ಡ ಪ್ರಶ್ನೆ ಎಂದು ನಾನು ಭಾವಿಸಿದ್ದೇನೆ. ಅದಕ್ಕೆ ಉತ್ತರ ಅವರ ಯುದ್ಧಗಳಲ್ಲಿದೆ. ಗೆದ್ದ ಯುದ್ಧಗಳಿಗಿಂತ ಸೋತವುಗಳಲ್ಲಿ ಅದು ಹೆಚ್ಚಾಗಿ ಸಿಗುತ್ತದೆ.

ಹಲ್ಮಿಡಿಯಿಂದ ವಡ್ಡರ್ಸೆಗೆ

ಕನ್ನಡದ ಮೊದಲ ಶಾಸನ ಎಂದು ಎಲ್ಲರಿಗೂ ಗೊತ್ತಿರುವ ಹಲ್ಮಿಡಿಯ ಕಲ್ಲು ಒಂದು ಯುದ್ಧದ ದಾಖಲೆ. ಕದಂಬರ ಪರವಾಗಿ ಕೇಕಯರು ಮತ್ತು ಪಲ್ಲವರೊಡನೆ ಕಾದಿದ ವಿಜಅರಸ ಎಂಬ ವೀರನಿಗೆ ಹಳ್ಳಿಗಳನ್ನು ಕೊಟ್ಟ ಸಂಗತಿ ಅದರಲ್ಲಿದೆ. ಅದೇ ಕಲ್ಲಿನಲ್ಲಿ ಆಳುಪರ ಗಣಕ್ಕೆ ಸೇರಿದ ಪಶುಪತಿ ಎಂಬ ನಾಯಕನ ಹೆಸರಿದೆ. ದಕ್ಷಿಣಾಪಥದ ಅನೇಕ ಕಾಳಗಗಳಲ್ಲಿ ಶೌರ್ಯ ಮೆರೆದವನೆಂದು ಅವನನ್ನು ಹೊಗಳಿದ್ದಾರೆ. ಹಲ್ಮಿಡಿಯನ್ನು ಸಾಮಾನ್ಯವಾಗಿ 5ನೆಯ ಶತಮಾನದ್ದೆಂದು ಹೇಳುತ್ತಾರೆ. ಹಾಗಾದರೆ ಕನ್ನಡ ಕಲ್ಲಿನ ಮೇಲೆ ಬರತೊಡಗಿದ ಹೊತ್ತಿಗೇ ಕರಾವಳಿಯ ಈ ಮನೆತನ ಘಟ್ಟದ ಮೇಲಿನ ರಣರಂಗದಲ್ಲಿ ಹೆಸರು ಮಾಡಿತ್ತು.

ಎರಡನೆಯ ದೊಡ್ಡ ಸಾಕ್ಷಿ ಐಹೊಳೆಯದು. 634ರಲ್ಲಿ ರವಿಕೀರ್ತಿ ಬರೆದ ಶಾಸನ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹಾಡುತ್ತದೆ. ಅದರಲ್ಲಿ ಗಂಗರ ಜತೆಗೆ ಆಳುಪರೂ ಚಾಲುಕ್ಯರಿಗೆ ತಲೆಬಾಗಿ ಅವರ ಸೇವೆಯನ್ನು ಅಮೃತದಂತೆ ಸವಿದರೆಂದು ಕವಿ ಹೇಳುತ್ತಾನೆ. ಗೆದ್ದವನ ಕವಿಯ ಮಾತು ಅದು. ಸೋತವರು ನಿಜವಾಗಿ ಏನು ಸವಿದರೋ ಅವರ ಕಡೆಯಿಂದ ಬರೆದವರಿಲ್ಲ. ಆದರೆ ಮುಂದಿನ ನೂರು ವರ್ಷದ ಘಟನೆಗಳನ್ನು ನೋಡಿದರೆ ಆ ಸೋಲಿನಿಂದ ಆಳುಪರಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚಾಯಿತು.

ಇದಾಗಿ ಸ್ವಲ್ಪ ಕಾಲಕ್ಕೆ ನಮ್ಮ ಮನೆಯ ಅಂಗಳಕ್ಕೇ ಬರುತ್ತೇವೆ. ಕೋಟ, ಸಾಲಿಗ್ರಾಮದ ಒಳನಾಡಿನ ವಡ್ಡರ್ಸೆಯಲ್ಲಿ 7ನೆಯ ಶತಮಾನದ ಒಂದು ಕನ್ನಡ ಶಾಸನ ಸಿಕ್ಕಿದೆ. ಆಳುವರಸನ ಕಾಲದ್ದು. ಕರಾವಳಿಯಲ್ಲಿ ಈವರೆಗೆ ಕಂಡ ಕನ್ನಡ ಶಾಸನಗಳಲ್ಲಿ ಅತ್ಯಂತ ಹಳೆಯದೆಂದು ಇದನ್ನು ವಿದ್ವಾಂಸರು ಎಣಿಸುತ್ತಾರೆ. ತೆಕ್ಕಟ್ಟೆಯಿಂದ ವಡ್ಡರ್ಸೆ ದೂರದ ಊರಲ್ಲ. ಕನ್ನಡದ ಹಳೆಯ ಕಲ್ಲುಗಳೆಂದರೆ ಬನವಾಸಿ, ಬಾದಾಮಿ ಎಂದು ಬೆರಳು ಚಾಚುವ ನಾವು ಪಕ್ಕದ ಹಳ್ಳಿಯ ಕಲ್ಲನ್ನು ಮರೆಯುವುದು ಸರಿಯಲ್ಲ.

ಬಾದಾಮಿಯ ಬೀಗತನ

ಪುಲಕೇಶಿಯ ಕೊನೆಗಾಲದಲ್ಲಿ, 642ರಲ್ಲಿ, ಪಲ್ಲವರ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಚಾಲುಕ್ಯರು ಮತ್ತೆ ಎದ್ದು ನಿಲ್ಲಲು ಹತ್ತು ಹನ್ನೆರಡು ವರ್ಷ ಬೇಕಾಯಿತು. ಅಂಥ ಹೊತ್ತಿನಲ್ಲಿ ದೊಡ್ಡ ರಾಜನಿಗೆ ಬೇಕಾದದ್ದು ಬೆನ್ನ ಹಿಂದೆ ನಂಬಿಗಸ್ತ ನೆರೆಯವರು. ಪಡುವಣ ಬೆನ್ನು ಆಳುಪರದಾಯಿತು. ಆಳುವರಸನ ಕೈಗೆ ಕದಂಬಮಂಡಲ, ಎಂದರೆ ಬನವಾಸಿಯ ಸೀಮೆ ಬಂದದ್ದನ್ನು ಶೃಂಗೇರಿಯ ಹತ್ತಿರದ ಕಿಗ್ಗದ ಶಾಸನ ತಿಳಿಸುತ್ತದೆ. ಕಡಲ ತಡಿಯ ಅರಸ ಘಟ್ಟದ ಮೇಲಿನ ನಾಡನ್ನೂ ಆಳತೊಡಗಿದ.

ಅವನ ಮಗ ಚಿತ್ರವಾಹನನ ಕಾಲಕ್ಕೆ ನಂಟು ಇನ್ನೂ ಗಟ್ಟಿಯಾಯಿತು. ಚಾಲುಕ್ಯ ವಿನಯಾದಿತ್ಯನ ಮಗಳು, ವಿಜಯಾದಿತ್ಯನ ಅಕ್ಕನೋ ತಂಗಿಯೋ ಆದ ಕುಂಕುಮ ಮಹಾದೇವಿ ಚಿತ್ರವಾಹನನ ಕೈಹಿಡಿದಳು. ಪುಲಿಗೆರೆಯಲ್ಲಿ, ಇಂದಿನ ಲಕ್ಷ್ಮೇಶ್ವರದಲ್ಲಿ, ಆಕೆ ಬಸದಿಯೊಂದನ್ನು ಕಟ್ಟಿಸಿದಳು. 707ರ ಶಿಗ್ಗಾವಿ ತಾಮ್ರಪಟದಲ್ಲಿ ಒಂದು ಸೊಗಸಾದ ಸಂಗತಿ ಇದೆ. ಚಕ್ರವರ್ತಿ ವಿಜಯಾದಿತ್ಯ ತಾನಾಗಿಯೇ ಆಳುಪ ಚಿತ್ರವಾಹನನನ್ನು ಕಾಣಲು ಬನವಾಸಿಗೆ ಬಂದ. ಭಾವನ ಕೋರಿಕೆಯಂತೆ ಆ ಬಸದಿಗೆ ಹಳ್ಳಿ ಬಿಟ್ಟ. ಸಾಮಂತನೆಂದರೆ ಕೈಕಟ್ಟಿ ನಿಂತವನು ಎಂದು ತಿಳಿಯುವ ನಮಗೆ ಈ ತಾಮ್ರಪಟ ಬೇರೆ ಚಿತ್ರ ಕೊಡುತ್ತದೆ. ಚಕ್ರವರ್ತಿ ಬೀಗರ ಮನೆಗೆ ಬಂದಿದ್ದಾನೆ.

ಬೀಗತನಕ್ಕೆ ಬೆಲೆಯೂ ಇತ್ತು. ಚಾಲುಕ್ಯರ ಹಗೆಗಳು ಈಗ ಆಳುಪರ ಹಗೆಗಳೂ ಆದರು. ಮಧುರೆಯ ಪಾಂಡ್ಯ ಕೊಚ್ಚಡೈಯನ್ ರಣಧೀರ ಮಂಗಲಪುರದಲ್ಲಿ ಮಹಾರಥರನ್ನು ಸೋಲಿಸಿದನೆಂದು ಪಾಂಡ್ಯರ ವೇಳ್ವಿಕುಡಿ ತಾಮ್ರಪಟ ಹೇಳುತ್ತದೆ. ಈ ಮಂಗಲಪುರ ನಮ್ಮ ಮಂಗಳೂರೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಿದ್ದೂ ಆಳುಪರು ತಮ್ಮನ್ನೂ ಪಾಂಡ್ಯವಂಶದವರೆಂದು, ಸೋಮಕುಲದವರೆಂದು ಕರೆದುಕೊಂಡವರು. ಮೀನು ಅವರ ಲಾಂಛನ. ಕಾರ್ಕಳ ತಾಲ್ಲೂಕಿನ ಬೆಳ್ಮಣ್ಣಿನಲ್ಲಿ ಸಿಕ್ಕಿದ 8ನೆಯ ಶತಮಾನದ ಕನ್ನಡ ತಾಮ್ರಪಟದ ಮೇಲೆ ಜೋಡಿ ಮೀನಿನ ಮುದ್ರೆ ಇದೆ. ಎಷ್ಟೋ ಕಾಲದ ಮೇಲೆ ಅವರು ಹೊರಡಿಸಿದ ಚಿನ್ನದ ನಾಣ್ಯಗಳಲ್ಲೂ ಅದೇ ಜೋಡಿ ಮೀನು, ಜತೆಗೆ 'ಶ್ರೀ ಪಾಂಡ್ಯ ಧನಂಜಯ' ಎಂಬ ಬರೆಹ.

ಉದ್ಯಾವರದಲ್ಲಿ ದಾಯಾದಿಗಳು

ಆಳುಪರ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗ ಇದು. ಹೊರಗಿನ ಯಾವ ಚಕ್ರವರ್ತಿಯೂ ಮಾಡದಷ್ಟು ಕೇಡನ್ನು ಈ ಮನೆತನಕ್ಕೆ ಮನೆಯವರೇ ಮಾಡಿದರು.

ಮಂಗಳೂರಿನಿಂದ ಬಡಗಕ್ಕೆ ಸರಿದ ರಾಜಧಾನಿ 8ನೆಯ ಶತಮಾನದಲ್ಲಿ ಉದಯಪುರದಲ್ಲಿ ನೆಲೆನಿಂತಿತು. ಉಡುಪಿಯ ತೆಂಕಣಕ್ಕೆ, ಹೊಳೆಯ ದಡದಲ್ಲಿರುವ ಇಂದಿನ ಉದ್ಯಾವರ ಅದು. ಅಲ್ಲಿ ದೊರೆತ ಶಾಸನಗಳನ್ನು ಜರ್ಮನ್ ವಿದ್ವಾಂಸ ಹುಲ್ಟ್ಷ್ 20ನೆಯ ಶತಮಾನದ ಮೊದಲ ದಶಕದಲ್ಲಿ ಓದಿ ಅಚ್ಚು ಹಾಕಿಸಿದ. ಹೆಚ್ಚಿನವು ವೀರಗಲ್ಲುಗಳು. ರಣಸಾಗರ, ಶ್ವೇತವಾಹನ, ಪೃಥ್ವೀಸಾಗರ, ವಿಜಯಾದಿತ್ಯ ಎಂಬ ಅರಸರ ಹೆಸರುಗಳು ಅವುಗಳಲ್ಲಿ ಬರುತ್ತವೆ. ಇವರು ಒಬ್ಬರ ಮೇಲೊಬ್ಬರು ಏರಿ ಬಂದ ದಾಯಾದಿಗಳು.

ಆ ಕಲ್ಲುಗಳ ಧಾಟಿ ಬಹುಪಾಲು ಒಂದೇ. ಇಂಥ ಅರಸ ಉದಯಪುರವನ್ನು ಹೊಕ್ಕಾಗ, ಇಂಥವನ ಆಳು ಇಂಥವನು ಕಾದಿ, ಇರಿದು, ಸತ್ತು ಸ್ವರ್ಗಕ್ಕೆ ಹೋದ. ಅಷ್ಟೇ. ಅರಸನ ವಂಶಾವಳಿ ಇಲ್ಲ, ಸಂಸ್ಕೃತದ ಹೊಗಳಿಕೆ ಇಲ್ಲ. ಇರುವುದು ಒಬ್ಬ ಆಳಿನ ಹೆಸರು. ಊರಿನ ಒಳಗೇ, ಬೀದಿಯಲ್ಲೋ ಕೋಟೆಯ ಬಾಗಿಲಲ್ಲೋ ಬಿದ್ದ ಮನುಷ್ಯ. ಮುತ್ತಿದವರ ಕಡೆ ಸತ್ತವನಿಗೂ ಕಾದವರ ಕಡೆ ಸತ್ತವನಿಗೂ ಕಲ್ಲು ನಿಂತಿತು. ಗೆದ್ದವನು ಸೋತವನ ಕಡೆಯ ಕಲ್ಲುಗಳನ್ನು ಕಿತ್ತು ಎಸೆಯಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಇಬ್ಬರಿಗೂ ಅವು ತಮ್ಮ ಜನರ ಕಲ್ಲುಗಳೇ ಆಗಿದ್ದವು.

ಈ ಒಳಜಗಳಕ್ಕೆ ಒಂದು ಹಿನ್ನೆಲೆ ಇದೆ. 8ನೆಯ ಶತಮಾನದ ನಡುವೆ ಬಾದಾಮಿಯ ಚಾಲುಕ್ಯರು ಬಿದ್ದು ರಾಷ್ಟ್ರಕೂಟರು ಮೇಲೆ ಬಂದರು. ಮೇಲೆ ಆಸರೆಯಾಗಿದ್ದ ಕಂಬ ಹೋದಾಗ ಕೆಳಗೆ ಪಟ್ಟಕ್ಕಾಗಿ ಸೆಣಸುವವರ ಕೈ ಬಿಚ್ಚಿತು. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದಲ್ಲಿ, 800ರ ಆಸುಪಾಸಿನಲ್ಲಿ, ಚಿತ್ರವಾಹನನೆಂಬ ಇನ್ನೊಬ್ಬ ಅರಸ ಆಳುವಖೇಡ ಆರು ಸಾವಿರವನ್ನು ಆಳುತ್ತಿದ್ದ. ಅವನು ಮೇಲರಸನ ಮಾತು ಮೀರಿದಾಗ ದಂಡು ಅವನ ಮೇಲೆ ಬಂತೆಂದು ಸೊರಬ ತಾಲ್ಲೂಕಿನ ಮಾವಲಿಯ ಶಾಸನ ತಿಳಿಸುತ್ತದೆ. ನೂರು ವರ್ಷದ ಹಿಂದೆ ಚಕ್ರವರ್ತಿ ನೋಡಲು ಬಂದಿದ್ದ ಮನೆಗೆ ಈಗ ಚಕ್ರವರ್ತಿಯ ಸೈನ್ಯ ಬಂತು.

ಕಾಳಗ ತಣಿದ ಮೇಲಿನ ಉದ್ಯಾವರದ ಶಾಸನಗಳಲ್ಲಿ ಬೇರೊಂದು ವಿಷಯ ತಲೆ ಎತ್ತುತ್ತದೆ. ಪಟ್ಟಣದ ವರ್ತಕರು, ಅವರು ಕೊಡಬೇಕಾದ ಸುಂಕ. ಬೀದಿಯಲ್ಲಿ ರಕ್ತ ಹರಿದ ಊರಿಗೆ ವ್ಯಾಪಾರಿಗಳನ್ನು ಮರಳಿ ಕರೆಯುವುದು ಅರಸನ ಮೊದಲ ಕೆಲಸವಾಗಿತ್ತು. ಬಂದರಿನ ಊರು ಕತ್ತಿಯಿಂದ ಬಾಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಘಾಟಿಯ ದಾರಿ, ಮಳೆಯ ಕಾವಲು

ನಮ್ಮ ಕಡೆಯವರಿಗೆ ನೆಲದ ಪಾಠ ಹೇಳಿಕೊಡಬೇಕಾಗಿಲ್ಲ. ಕೊಲ್ಲೂರಿನ ಮೇಲೆ ನಾಗೋಡಿಯ ದಾರಿ, ಹೊಸಂಗಡಿಯಿಂದ ಹುಲಿಕಲ್ಲಿಗೆ ಹತ್ತುವ ಬಾಳೆಬರೆ ಘಾಟಿ, ಸೋಮೇಶ್ವರದಿಂದ ಆಗುಂಬೆ. ಇಂದು ಕೂಡ ಆಷಾಢದಲ್ಲಿ ಗುಡ್ಡ ಜರಿದು ಈ ದಾರಿಗಳು ಮುಚ್ಚುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಬಯಲುಸೀಮೆಯ ಕುದುರೆ, ಆನೆ, ಎತ್ತಿನ ಬಂಡಿಗಳ ದಂಡು ಇಂಥ ಇಳಿಜಾರಿನಲ್ಲಿ ಇಳಿಯಬೇಕಾದರೆ ಮಳೆಗಾಲ ಮುಗಿಯಬೇಕು. ಇಳಿದ ಮೇಲೂ ಸೌಪರ್ಣಿಕೆ, ಚಕ್ರಾ, ವಾರಾಹಿ, ಸೀತೆ, ಸುವರ್ಣೆ ಎಂದು ಹೆಜ್ಜೆ ಹೆಜ್ಜೆಗೆ ಹೊಳೆ ದಾಟಬೇಕು. ಮುಂದಿನ ಮಳೆಗೆ ಮೊದಲು ಮೇಲೆ ಹತ್ತಿ ಹೋಗದಿದ್ದರೆ ಸಿಕ್ಕಿಬಿದ್ದಂತೆ.

ಹಾಗಾಗಿ ಮೇಲಿನ ಯಾವ ಸಾಮ್ರಾಟನಿಗೂ ಕರಾವಳಿಯನ್ನು ಗೆಲ್ಲುವುದು ಸಾಧ್ಯವಿತ್ತು, ಇಲ್ಲೇ ಕೂತು ಆಳುವುದು ದುಬಾರಿಯಾಗಿತ್ತು. ಇಲ್ಲಿನ ಬಂದರು, ಅಕ್ಕಿ, ಮೆಣಸು, ಹಡಗಿನಲ್ಲಿ ಬರುವ ಕುದುರೆ ಅವನಿಗೆ ಬೇಕು. ಅವೆಲ್ಲವನ್ನು ನೋಡಿಕೊಳ್ಳಲು ಇಲ್ಲಿಯ ಮಣ್ಣು, ಮಳೆ, ಮನೆತನಗಳು ಗೊತ್ತಿದ್ದ ಒಬ್ಬ ಅರಸ ಇದ್ದರೆ ಸಾಕು. ಆಳುಪರನ್ನು ಕಿತ್ತುಹಾಕುವುದಕ್ಕಿಂತ ಕಪ್ಪ ಕೊಡುವ ಆಳುಪರನ್ನು ಇಟ್ಟುಕೊಳ್ಳುವುದು ಎಲ್ಲರಿಗೂ ಅನುಕೂಲವಾಯಿತು. ಒಂಬೈನೂರು ವರ್ಷದ ಗುಟ್ಟಿನ ಮುಕ್ಕಾಲು ಪಾಲು ಇಲ್ಲಿದೆ ಎಂದು ನನಗನಿಸುತ್ತದೆ.

ನಿತ್ಯದ ಗೊಡವೆ ಇದ್ದದ್ದು ಘಟ್ಟದ ಅಂಚಿನಲ್ಲೇ ಕೂತಿದ್ದ ಸಾಂತರರೊಡನೆ. ಅವರ ರಾಜಧಾನಿ ಪೊಂಬುಚ್ಚ, ಇಂದಿನ ಹೊಸನಗರ ತಾಲ್ಲೂಕಿನ ಹುಂಚ. ಬಾಳೆಬರೆ ಹತ್ತಿದರೆ ಅವರ ಸೀಮೆ. ಅದೇ ಪೊಂಬುಚ್ಚವನ್ನು ಹಿಂದೆ ಆಳುಪ ಚಿತ್ರವಾಹನ ಆಳಿದ್ದ. ಹಾಗಾಗಿ ಇವರದು ಗಡಿಯ ತಕರಾರು ಮಾತ್ರವಾಗಿರಲಿಲ್ಲ, ಹಳೆಯ ಹಕ್ಕಿನ ಪ್ರಶ್ನೆಯೂ ಆಗಿತ್ತು. ಆದರೂ ಆಳುಪರ ಹೆಣ್ಣುಮಕ್ಕಳು ಸಾಂತರರ ಮನೆ ತುಂಬಿದ್ದನ್ನು ಹುಂಚದ ಶಾಸನಗಳು ಹೇಳುತ್ತವೆ. ಕೊಡುಕೊಳ್ಳುವ ಬೀಗರೂ ಕಾದಾಡುವ ನೆರೆಯವರೂ ಒಬ್ಬರೇ. ಘಟ್ಟದ ಮೇಲೆ ಕೆಳಗೆ ನಂಟಸ್ತನ ಇರುವ ನಮ್ಮ ಎಷ್ಟೋ ಕುಟುಂಬಗಳಿಗೆ ಇದು ಅಪರಿಚಿತ ಕಥೆಯೇನಲ್ಲ.

ಅದೇ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ

ಬೆಟ್ಟ ಮತ್ತು ಕಡಲಿನ ನಡುವೆ ಚಿಕ್ಕ ರಾಜ್ಯವೊಂದು ಬದುಕಿ ಉಳಿಯುವ ಕಥೆ ನಮ್ಮೊಬ್ಬರದೇ ಅಲ್ಲ. ಬಾದಾಮಿಯಲ್ಲಿ ವಿನಯಾದಿತ್ಯ ಆಳುತ್ತಿದ್ದ ದಿನಗಳಲ್ಲಿ, 685ರಲ್ಲಿ, ಬ್ರಿಟನ್ ದ್ವೀಪದ ಬಡಗಣ ತುದಿಯಲ್ಲಿ ಪಿಕ್ಟರೆಂಬ ಜನರ ಅರಸ ಬ್ರಿಡೆ ತೆಂಕಣದಿಂದ ಏರಿಬಂದ ನಾರ್ತಂಬ್ರಿಯದ ದೊರೆ ಎಗ್‌ಫ್ರಿತ್‌ನನ್ನು ಡನ್ ನೆಕ್ಟನ್ ಎಂಬಲ್ಲಿ ಕೊಂದ. ಪಿಕ್ಟರಿಗೆ ಪಡುವಣದಲ್ಲಿ ಗೇಲರು, ತೆಂಕಣದಲ್ಲಿ ಬ್ರಿಟನ್ನರು ಮತ್ತು ಆಂಗ್ಲರು, ಆಮೇಲೆ ಕಡಲಿನಿಂದ ವೈಕಿಂಗರು ನೆರೆಯವರು. 858ರಲ್ಲಿ ತೀರಿಕೊಂಡ ಕೆನೆತ್ ಮ್ಯಾಕ್ ಆಲ್ಪಿನ್‌ನ ಮನೆತನ ಈ ಗೊಂದಲದ ನಡುವೆಯೇ ಗೇಲರನ್ನೂ ಪಿಕ್ಟರನ್ನೂ ಒಂದು ಪಟ್ಟದ ಕೆಳಗೆ ತಂದಿತು.

ಆ ಮನೆತನದ ಕಾನ್‌ಸ್ಟಂಟೈನ್ 937ರಲ್ಲಿ ಬ್ರುನಾನ್‌ಬರ್ ಕಾಳಗದಲ್ಲಿ ಇಂಗ್ಲಿಷ್ ದೊರೆ ಆಥೆಲ್‌ಸ್ಟನ್‌ಗೆ ಸೋತ. ರಣರಂಗದಲ್ಲೇ ಮಗನನ್ನು ಕಳೆದುಕೊಂಡ. ಆದರೆ ರಾಜ್ಯ ಕಳೆದುಕೊಳ್ಳಲಿಲ್ಲ. ದೊಡ್ಡ ನೆರೆಯವನಿಗೆ ಬೆಟ್ಟದಾಚೆಯ ನಾಡನ್ನು ಗೆದ್ದು ಇಟ್ಟುಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ.

ಇನ್ನೊಂದು ಹೋಲಿಕೆ ನಮ್ಮ ಜನರಿಗೆ ಕುತೂಹಲ ಹುಟ್ಟಿಸೀತು. ಪಟ್ಟಕ್ಕೆ ಯಾರು ಎಂಬ ಅನುಮಾನ ಬಂದಾಗ ಪಿಕ್ಟರು ಗಂಡಿನ ಕಡೆಗಿಂತ ಹೆಣ್ಣಿನ ಕಡೆಯ ವಂಶದಿಂದ ಅರಸನನ್ನು ಆರಿಸುತ್ತಿದ್ದರೆಂದು 731ರಲ್ಲಿ ಇತಿಹಾಸ ಬರೆದು ಮುಗಿಸಿದ ಬೀಡ್ ಎಂಬ ಸನ್ಯಾಸಿ ಹೇಳುತ್ತಾನೆ. ಹಕ್ಕು ಮಗನ ಬದಲು ಸೋದರಳಿಯನಿಗೆ ಹೋಗುವ ಅಳಿಯಕಟ್ಟು ಬಲ್ಲ ತುಳುನಾಡಿನವರಿಗೆ ಈ ಮಾತು ಚಟ್ಟನೆ ತಾಕುತ್ತದೆ. ಬಾರಕೂರಿನ ಭೂತಾಳ ಪಾಂಡ್ಯನಿಂದ ಅಳಿಯಸಂತಾನ ಮೊದಲಾಯಿತೆಂಬ ಕಥೆ ನಮ್ಮಲ್ಲಿ ಮನೆಮಾತು. ಆದರೆ ಹಳೆಯ ಆಳುಪರಲ್ಲಿ ಆಳುವರಸನಿಂದ ಮಗ ಚಿತ್ರವಾಹನನಿಗೆ ಪಟ್ಟ ಹೋದಂಥ ಉದಾಹರಣೆಗಳು ಶಾಸನಗಳಲ್ಲಿವೆ. ಅಳಿಯನ ಹಕ್ಕಿನ ಮಾತು ಜೋರಾಗಿ ಕೇಳುವುದು ಬಹಳ ತಡವಾಗಿ, 13ನೆಯ ಶತಮಾನದಲ್ಲಿ. ಅದಕ್ಕೆ ಮುಂದೆ ಬರೋಣ.

ಚೋಳರ ದಂಡು, ಹೊಯ್ಸಳರ ಕಣ್ಣು

9 ಮತ್ತು 10ನೆಯ ಶತಮಾನಗಳಲ್ಲಿ ಸದ್ದು ಕಡಿಮೆ. ಬಳಿಕ ಕಾವೇರಿಯ ಕಡೆಯಿಂದ ಚೋಳರು ಬಂದರು. ಶ್ರೀರಂಗಪಟ್ಟಣದ ಹತ್ತಿರದ ಬಲಮುರಿಯಲ್ಲಿ 1012ರ ಶಾಸನವೊಂದಿದೆ. ಗಂಗಮಂಡಲ, ವೆಂಗಿಮಂಡಲಗಳ ಮಹಾದಂಡನಾಯಕನಾಗಿದ್ದ ಪಂಚವನ್ ಮಹಾರಾಯ ತುಳುವ, ಕೊಂಕಣ, ಮಲೆಯಗಳನ್ನು ಹಿಡಿದನೆಂದು ಅದು ಹೇಳುತ್ತದೆ. ಚೋಳರಿಗೆ ಪಡುವಣ ಕಡಲಿನ ವ್ಯಾಪಾರದ ಮೇಲೆ ಕಣ್ಣಿತ್ತು. ಆದರೆ ಅವರ ಆಳ್ವಿಕೆ ಇಲ್ಲಿ ಬೇರು ಬಿಡಲಿಲ್ಲ. 11ನೆಯ ಶತಮಾನದ ನಡುವೆ ಬಂಕಿದೇವ ಆಳುಪೇಂದ್ರ ಮಹಾರಾಜಾಧಿರಾಜನೆಂಬ ಬಿರುದಿನೊಡನೆ ಆಳುತ್ತಿದ್ದಾನೆ.

ಈ ಹೊತ್ತಿಗೆ ಬಾರಕೂರು ಮುಂದೆ ಬರುತ್ತದೆ. ಸೀತಾ ನದಿಯ ದಡ, ಕಡಲಿಗೆ ಹತ್ತಿರ, ಅಳಿವೆಯಿಂದ ಒಳಗೆ ಸರಿದು ಭದ್ರವಾದ ಜಾಗ. ಇಂದಿಗೂ ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂದು ಹಳೆಯ ಬೀದಿಗಳ ಹೆಸರು ಉಳಿದಿರುವುದು ಆ ರಾಜಧಾನಿಯ ಗುರುತು. ಬಡಗಣಕ್ಕೆ ವಾರಾಹಿಯ ದಡದಲ್ಲಿ ಬಸರೂರು ಸೆಟ್ಟಿಗಳ ಪಟ್ಟಣವಾಗಿ ಬೆಳೆಯಿತು. ಕುಂದಾಪುರ ಮತ್ತು ಬ್ರಹ್ಮಾವರದ ನಮ್ಮ ಸೀಮೆ ಅಂಚಿನ ನಾಡಾಗಿದ್ದದ್ದು ರಾಜ್ಯದ ನಡುಮನೆಯಾಯಿತು.

12ನೆಯ ಶತಮಾನದ ಆರಂಭದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡು ಬಂತು. ಅವನ ಕಾಲದ ಶಾಸನಗಳ ಜಯದ ಪಟ್ಟಿಯಲ್ಲಿ ತುಳುದೇಶದ ಹೆಸರು ಸೇರಿತು. ಅದೇ ಹೊತ್ತಿನಲ್ಲಿ ಕವಿ ಆಳುಪೇಂದ್ರ ಇಲ್ಲಿ ಆಳುತ್ತಲೇ ಇದ್ದ. ಅವನ ಬಳಿಕ ಬಂದ ಕುಲಶೇಖರ 13ನೆಯ ಶತಮಾನದ ಆರಂಭದವರೆಗೂ ಬಾರಕೂರು, ಮಂಗಳೂರು ಎರಡನ್ನೂ ಹಿಡಿದು ದೀರ್ಘವಾಗಿ ಆಳಿದ. ಗೆದ್ದವರ ಶಾಸನದಲ್ಲಿ ಸೋತ ನಾಡು, ಆ ನಾಡಿನ ಶಾಸನದಲ್ಲಿ ಸ್ವತಂತ್ರ ಚಕ್ರವರ್ತಿ. ಎರಡನ್ನೂ ಎದುರುಬದುರು ಇಟ್ಟು ಓದಿದರೆ ಮಾತ್ರ ನಿಜ ತಿಳಿಯುತ್ತದೆ. ಕಪ್ಪ ಸಲ್ಲುತ್ತಿತ್ತು, ಪಟ್ಟ ಉಳಿಯುತ್ತಿತ್ತು.

ಪಟ್ಟವೇರಿದ ಬಲ್ಲಮಹಾದೇವಿ

ಆಳುಪ ಅರಸ ವೀರಪಾಂಡ್ಯದೇವ ತೀರಿಕೊಂಡ ಮೇಲೆ ಅವನ ರಾಣಿ ಬಲ್ಲಮಹಾದೇವಿ ಬಾರಕೂರಿನ ಗದ್ದುಗೆ ಏರಿದಳು. ಸುಮಾರು 1277ರಿಂದ 1292ರವರೆಗೆ ಆಕೆಯ ಆಳ್ವಿಕೆ. ಮಗ ನಾಗದೇವರಸ ಇದ್ದ. ಆದರೂ ಆಡಳಿತ ತಾಯಿಯ ಹೆಸರಿನಲ್ಲಿ ನಡೆಯಿತು. ಗಂಡಸರಾದ ಅರಸರು ಹೊರುತ್ತಿದ್ದ ಮಹಾರಾಜಾಧಿರಾಜ, ಪರಮೇಶ್ವರ ಮೊದಲಾದ ಬಿರುದುಗಳನ್ನು ಆಕೆಯ ಶಾಸನಗಳು ಅವಳಿಗೇ ಕೊಟ್ಟವು. ಅವಳ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಓರುಗಲ್ಲಿನಲ್ಲಿ ಕಾಕತೀಯ ರುದ್ರಮದೇವಿ ಆಳುತ್ತಿದ್ದಳು. ರುದ್ರಮದೇವಿಯ ಹೆಸರು ದೇಶಕ್ಕೆಲ್ಲ ಗೊತ್ತು. ಬಲ್ಲಮಹಾದೇವಿಯ ಹೆಸರು ಬಾರಕೂರಿನ ಮಕ್ಕಳಿಗಾದರೂ ಗೊತ್ತಿರಬೇಡವೇ?

ಆಕೆಯ ದಾರಿ ಸುಗಮವಾಗಿರಲಿಲ್ಲ. ವೀರಪಾಂಡ್ಯನ ಸೋದರಳಿಯ, ಇನ್ನೊಬ್ಬ ಬಂಕಿದೇವ, ಪಟ್ಟಕ್ಕೆ ಹಕ್ಕು ಹೂಡಿದ. ಮಗನೋ ಅಳಿಯನೋ ಎಂಬ ತಕರಾರು ರಾಜ್ಯವನ್ನು ಎರಡಾಗಿ ಎಳೆಯಿತು. ಕೊನೆಗೆ ಬಂಕಿದೇವನೇ ಅರಸನಾದ. ಉದ್ಯಾವರದ ದಾಯಾದಿಗಳ ಕಾಳಗ ನಡೆದು ಐನೂರು ವರ್ಷದ ಮೇಲೆ ಅದೇ ಹುಣ್ಣು ಮತ್ತೆ ಒಡೆದಿತ್ತು. ಈ ಸಲ ಅದು ಮಾಯುವ ಮೊದಲೇ ಹೊರಗಿನ ಗಾಳಿ ಬಲವಾಯಿತು.

1311ರಲ್ಲಿ ದೆಹಲಿಯ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ ಬಂದ ಮೇಲೆ ಹೊಯ್ಸಳ ಮುಮ್ಮಡಿ ಬಲ್ಲಾಳ ಆಸರೆಗಾಗಿ ಪಡುವಣಕ್ಕೂ ನೋಡಿದ. 1330ರ ದಶಕದಲ್ಲಿ ಬಾರಕೂರು ಅವನ ಹಿಡಿತಕ್ಕೆ ಬಂತು. ಇಲ್ಲೂ ಯುದ್ಧದ ಜತೆಗೆ ಮದುವೆ ಇತ್ತು. ಆಳುಪರ ಮನೆಯ ಚಿಕ್ಕಾಯಿ ತಾಯಿ ಬಲ್ಲಾಳನ ಪಟ್ಟದರಸಿಯಾದಳು, ಬಾರಕೂರಿನಿಂದ ಆಳಿದಳು. ಗಂಡ ತೀರಿಕೊಂಡ ಮೇಲೂ ಆಕೆ ಇದ್ದಳು. 1346ರಲ್ಲಿ ಹರಿಹರ ಮತ್ತವನ ತಮ್ಮಂದಿರು ಶೃಂಗೇರಿಯಲ್ಲಿ ತಮ್ಮ ವಿಜಯವನ್ನು ಆಚರಿಸಿ ದಾನ ಕೊಟ್ಟಾಗ ಆಕೆಯೂ ದಾನ ಕೊಟ್ಟದ್ದು ಕಲ್ಲಿನಲ್ಲಿದೆ. ಹೊಯ್ಸಳ ಹೋಗಿ ವಿಜಯನಗರ ಬರುವ ಆ ತಿರುವಿನಲ್ಲಿ ನಿಂತಿದ್ದವಳು ನಮ್ಮ ಕರಾವಳಿಯ ಹೆಣ್ಣುಮಗಳು.

ಬಂದರಿನ ಹಕ್ಕು

ಇದೇ ದಿನಗಳಲ್ಲಿ, 1342ರಲ್ಲಿ, ದೆಹಲಿಯಿಂದ ಚೀನಕ್ಕೆ ರಾಯಭಾರಿಯಾಗಿ ಹೊರಟ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಹಡಗಿನಲ್ಲಿ ಈ ತೀರ ದಾಟಿದ. ಹೊನ್ನಾವರ ಕಳೆದು ಅವನು ಅಬೂ ಸರೂರ್ ಎಂದು ಕರೆಯುವ ಬಸರೂರು, ಬಳಿಕ ಫಾಕನೂರ್ ಎಂದು ಕರೆಯುವ ಬಾರಕೂರು. ಬಾರಕೂರಿನ ಕಬ್ಬಿಗೆ ಆ ನಾಡಿನಲ್ಲೇ ಸಾಟಿಯಿಲ್ಲ ಎಂದು ಬರೆದ. ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ನಡೆದು ಮುಚ್ಚಿದ್ದನ್ನು ಕಂಡ ತಲೆಮಾರಿಗೆ ಈ ಮಾತು ಓದುವಾಗ ಮನಸ್ಸು ಭಾರವಾಗುತ್ತದೆ.

ಅಲ್ಲಿಯ ಅರಸನೆಂದು ಅವನು ಹೆಸರಿಸುವ ವಾಸುದೇವನ ಬಳಿ ಮೂವತ್ತರಷ್ಟು ಯುದ್ಧನೌಕೆಗಳಿದ್ದವು, ಅವುಗಳ ನಾಯಕ ಲೂಲಾ ಎಂಬ ಮುಸ್ಲಿಮ್ ಎಂದು ಬತೂತ ಹೇಳುತ್ತಾನೆ. ಅವನು ವಿವರಿಸುವ ಪದ್ಧತಿ ಇನ್ನೂ ಮುಖ್ಯ. ಊರಿನ ಎದುರು ಹಾದುಹೋಗುವ ಪ್ರತಿ ಹಡಗೂ ಅಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಒಪ್ಪಿಸಬೇಕು. ಅದಕ್ಕೆ ಬಂದರಿನ ಹಕ್ಕು ಎಂದು ಹೆಸರು. ಕೊಡದೆ ಹೋದವರನ್ನು ನೌಕೆಗಳು ಬೆನ್ನಟ್ಟಿ ಎಳೆದು ತರುತ್ತವೆ, ಸುಂಕ ಇಮ್ಮಡಿಯಾಗುತ್ತದೆ, ಬಿಡುಗಡೆ ಅರಸನ ಇಚ್ಛೆ.

ಮೇಲಿನ ಸಾಮ್ರಾಟರಿಗೆ ತಲೆಬಾಗುತ್ತಲೇ ಈ ನಾಡು ಹಣಕ್ಕೆ ಬಡವಾಗದೆ ಉಳಿದದ್ದು ಹೇಗೆಂಬುದಕ್ಕೆ ಈ ಪದ್ಧತಿಯಲ್ಲಿ ಉತ್ತರವಿದೆ. ಘಟ್ಟದ ಕಡೆ ಅವರು ಕೊಡುವವರು, ಕಡಲ ಕಡೆ ಪಡೆಯುವವರು.

ವಿಜಯನಗರದವರು ಈ ಎರಡೂ ಬದಿಯನ್ನು ಅರ್ಥ ಮಾಡಿಕೊಂಡರು. ಬಾರಕೂರಿನಲ್ಲಿ ಕೋಟೆ ಕಟ್ಟಿಸಿದರು, ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡು ಭಾಗ ಮಾಡಿ ತಮ್ಮ ಅಧಿಕಾರಿಗಳನ್ನು ಕೂರಿಸಿದರು. ಹಿಂದಿನ ಯಾವ ಸಾಮ್ರಾಟನೂ ಮಾಡದ ಕೆಲಸ ಇದು. ಅರಸ ಬೇಡವಾದ. 14ನೆಯ ಶತಮಾನದ ಕೊನೆಗೆ ಆಳುಪರ ಹೆಸರು ಶಾಸನಗಳಿಂದ ಮಾಯವಾಗುತ್ತದೆ. ಯಾವ ರಣರಂಗದಲ್ಲೂ ಅವರ ಕೊನೆ ಬರೆದಿಲ್ಲ. ಅವರ ಎರಡು ರಾಜಧಾನಿಗಳು ಮಾತ್ರ ಹೊಸ ಆಡಳಿತದ ಎರಡು ಪೀಠಗಳಾದವು.

ಉಳಿದ ಕಲ್ಲುಗಳು

ಇಷ್ಟೆಲ್ಲ ನಮಗೆ ತಿಳಿದದ್ದು ಕಲ್ಲು ಹುಡುಕಿ ಅಲೆದವರಿಂದ. ಬಿ. ಎ. ಸಾಲೆತೊರೆ ಅವರು 1936ರಲ್ಲಿ ತುಳುವ ಇತಿಹಾಸ ಬರೆದರು. ಮಂಜೇಶ್ವರದ ಗೋವಿಂದ ಪೈಗಳು ಆಳುಪರ ಕಾಲಗಣನೆಯ ಗಂಟುಗಳನ್ನು ಬಿಡಿಸಲು ದುಡಿದರು. ಶಾಸನತಜ್ಞ ಕೆ. ವಿ. ರಮೇಶ್ 1970ರಲ್ಲಿ ದಕ್ಷಿಣ ಕನ್ನಡದ ಇತಿಹಾಸವನ್ನು ಶಾಸನಗಳ ಆಧಾರದ ಮೇಲೆ ಕಟ್ಟಿಕೊಟ್ಟರು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿದ್ದ ಪಿ. ಗುರುರಾಜ ಭಟ್ಟರು ಊರೂರು ಸುತ್ತಿ ದೇವಸ್ಥಾನ, ಬಸದಿ, ಹಾಡಿಗಳಲ್ಲಿ ಬಿದ್ದ ಕಲ್ಲುಗಳನ್ನು ನೋಡಿ 1975ರಲ್ಲಿ ತಮ್ಮ ದೊಡ್ಡ ಗ್ರಂಥವನ್ನು ಹೊರತಂದರು. ಬಾರಕೂರಿನ ಹಲವು ಶಾಸನಗಳು ದಕ್ಷಿಣ ಭಾರತದ ಶಾಸನಗಳ ಸಂಪುಟಗಳಲ್ಲಿ ಅಚ್ಚಾಗಿವೆ.

ಆದರೆ ಅಚ್ಚಿನ ಓದಿಗೆ ಮೂಲ ಕಲ್ಲು ಬೇಕು. ಹಳೆಯ ಓದು ತಪ್ಪೆನಿಸಿದಾಗ ಮತ್ತೆ ಹೋಗಿ ಅಕ್ಷರದ ಮೇಲೆ ಕೈಯಾಡಿಸಬೇಕು. ಈಗ ನಮ್ಮ ಸೀಮೆಯಲ್ಲಿ ಜೀರ್ಣೋದ್ಧಾರ ನಡೆಯದ ದೇವಸ್ಥಾನ ಅಪರೂಪ. ಭಕ್ತಿಯಿಂದಲೇ ಮಾಡುವ ಆ ಕೆಲಸದಲ್ಲಿ ಅಂಗಳದ ಹಳೆಯ ಕಲ್ಲುಗಳು ಪಾಯಕ್ಕೆ ಹೋಗುವುದು, ಸುಣ್ಣ ಬಣ್ಣದ ಕೆಳಗೆ ಮುಚ್ಚುವುದು, ಯಂತ್ರದಿಂದ ಉಜ್ಜಿದಾಗ ಅಕ್ಷರ ಕಳೆದುಕೊಳ್ಳುವುದು ನಡೆದೇ ಇದೆ. ಗದ್ದೆಯ ಅಂಚಿನಲ್ಲಿ, ಕೆರೆಯ ಕಟ್ಟೆಯಲ್ಲಿ ನಿಂತ ವೀರಗಲ್ಲಿಗೆ ಒಡೆಯರೇ ಇಲ್ಲ.

ಆಡಳಿತ ಮಂಡಳಿಯವರಲ್ಲಿ ನನ್ನ ಕೋರಿಕೆ ಇಷ್ಟೇ. ಕೆಲಸ ಶುರು ಮಾಡುವ ಮೊದಲು ಅಂಗಳದ ಪ್ರತಿ ಕಲ್ಲಿನ ಚಿತ್ರ ತೆಗೆಸಿ. ಅಕ್ಷರ ಕಂಡ ಕಲ್ಲನ್ನು ಅಲುಗಿಸುವ ಮುನ್ನ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಒಂದು ಮಾತು ತಿಳಿಸಿ. ಬಂದವರು ಕಾಗದ ಒತ್ತಿ ಪಡಿಯಚ್ಚು ತೆಗೆದುಕೊಂಡು ಹೋಗುತ್ತಾರೆ, ಕಲ್ಲು ನಿಮ್ಮಲ್ಲೇ ಉಳಿಯುತ್ತದೆ. ವಡ್ಡರ್ಸೆಯ ಕಲ್ಲಿಗಿಂತ ಹಳೆಯದೊಂದು ನಮ್ಮ ಯಾವುದೋ ಹಾಡಿಯಲ್ಲಿ, ಯಾವುದೋ ನಾಗಬನದ ಬದಿಯಲ್ಲಿ ಇನ್ನೂ ಓದದೆ ನಿಂತಿರಬಹುದು.